ಕಿಡ್ನಿಯ ಎಳೆ ಓದುವವರು

ಪಂಜದ ಕಡೆಯ ಅಡಿಕೆ ತೋಟಗಳಲ್ಲಿ ಹುಲ್ಲು ಕೊಯ್ಯುವವರಿಗೆ, ಬಿದ್ದ ಅಡಿಕೆ ಹೆಕ್ಕುವವರಿಗೆ ಕೊಳಕುಮಂಡಲ ಹಾವಿನ ಪರಿಚಯ ಬೇಕಿಲ್ಲ. ಅದು ಕಚ್ಚಿ, ಪ್ರತಿವಿಷ ಕೊಟ್ಟು ಜೀವ ಉಳಿದ ಮೇಲೂ ಕೆಲವರಿಗೆ ಮೂತ್ರ ನಿಂತುಬಿಡುತ್ತದೆ, ಡಯಾಲಿಸಿಸ್ ಶುರುವಾಗುತ್ತದೆ. ಮೂರು ವಾರವಾದರೂ ಮೂತ್ರ ಬಾರದಿದ್ದರೆ ಮನೆಯವರ ಪ್ರಶ್ನೆ ಒಂದೇ: "ಡಾಕ್ಟ್ರೇ, ಕಿಡ್ನಿ ಸರಿಯಾಗ್ತದಾ?"

ರಕ್ತಪರೀಕ್ಷೆಯ ಕ್ರಿಯಾಟಿನಿನ್ ಅಂಕೆ ಇದಕ್ಕೆ ಉತ್ತರಿಸುವುದಿಲ್ಲ. ಇಬ್ಬರಿಗೆ ಅದೇ ಅಂಕೆ ಬಂದಿರಬಹುದು. ಒಬ್ಬರಲ್ಲಿ ಮೂತ್ರ ಸಾಗುವ ಸೂಕ್ಷ್ಮ ನಾಳಗಳ ಒಳಪದರ ಮಾತ್ರ ಸತ್ತಿದೆ. ಅದು ಮತ್ತೆ ಬೆಳೆಯುತ್ತದೆ. ಇನ್ನೊಬ್ಬರಲ್ಲಿ ರಕ್ತ ಸಿಗದೆ ಕಿಡ್ನಿಯ ಹೊರಪದರವಾದ ಕಾರ್ಟೆಕ್ಸ್ ಇಡಿಯಾಗಿ ಸತ್ತಿದೆ. ಅವರಿಗೆ ಡಯಾಲಿಸಿಸ್ ತಪ್ಪುವುದು ಕಷ್ಟ. ಇವೆರಡನ್ನು ಬೇರೆ ಮಾಡಿ ಹೇಳುವುದು ಬಯಾಪ್ಸಿ, ಅಂದರೆ ಕಿಡ್ನಿಯ ಚೂರನ್ನು ಸೂಜಿಯಿಂದ ತೆಗೆದು ನೋಡುವುದು. ಆದರೆ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿರುವುದರಿಂದ ಹೆಪ್ಪುಗಟ್ಟುವಿಕೆ ಸರಿಹೋಗುವವರೆಗೂ ಸೂಜಿ ಹಾಕುವಂತಿಲ್ಲ.

ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂದೇ ನಮ್ಮಲ್ಲಿ ಹಲವರ ಹೆದರಿಕೆ. ಕಿಡ್ನಿಯ ಮಟ್ಟಿಗೆ ಆ ಹೆದರಿಕೆಗೆ ಕಾರಣವಿಲ್ಲ. ರೋಗಿಯನ್ನು ಬೋರಲಾಗಿ ಮಲಗಿಸಿ, ಮರಗಟ್ಟಿಸುವ ಮದ್ದು ಕೊಟ್ಟು, ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಬೆನ್ನಿನಿಂದ ಸೂಜಿ ಇಳಿಸುತ್ತಾರೆ. "ಉಸಿರು ಬಿಗಿಹಿಡಿಯಿರಿ" ಎಂದ ಮರುಕ್ಷಣ ಸೂಜಿಯ ಸ್ಪ್ರಿಂಗ್ ಟಪ್ಪೆನ್ನುತ್ತದೆ. ಬರುವುದು ಶಾವಿಗೆಯಷ್ಟು ಸಪೂರದ ಎಳೆ. ಆಮೇಲೆ ಹಲವು ಗಂಟೆ ಅಲುಗಾಡದೆ ಮಲಗಿರಬೇಕು. ರಕ್ತಸ್ರಾವವೇ ಇದರ ಮುಖ್ಯ ಅಪಾಯ. 1951ರಲ್ಲಿ ಕೋಪನ್‌ಹೇಗನ್‌ನ ಐವರ್ಸನ್ ಮತ್ತು ಬ್ರೂನ್ ಸೂಜಿಯಿಂದ ತೆಗೆಯುವ ಈ ಕ್ರಮವನ್ನು ಪ್ರಕಟಿಸಿದಾಗ ರೋಗಿಯನ್ನು ಕೂರಿಸಿಯೇ ಮಾಡುತ್ತಿದ್ದರು. ಬೋರಲು ಮಲಗಿಸುವ ಪದ್ಧತಿಯನ್ನು 1954ರಲ್ಲಿ ಷಿಕಾಗೋದ ಕಾರ್ಕ್ ಮತ್ತು ಮ್ಯೂರ್ಕಿ ಮುಂದಿಟ್ಟರು.

ನಿಜವಾದ ಕಸುಬು ಶುರುವಾಗುವುದು ಆ ಎಳೆ ಪೆಥಾಲಜಿ ವಿಭಾಗ ತಲುಪಿದ ಮೇಲೆ. ಒಂದು ತುಣುಕು ಫಾರ್ಮಲಿನ್‌ಗೆ. ಇನ್ನೊಂದು ಇಮ್ಯುನೊಫ್ಲೋರೆಸೆನ್ಸ್‌ಗೆ, ಅದಕ್ಕೆ ಬೇರೆಯೇ ದ್ರಾವಣ ಬೇಕು, ಏಕೆಂದರೆ ಫಾರ್ಮಲಿನ್‌ಗೆ ಬಿದ್ದ ತುಣುಕಿನಲ್ಲಿ ಈ ಪರೀಕ್ಷೆ ಮಾಡುವುದು ತೊಡಕು. ಸೌಲಭ್ಯವಿದ್ದಲ್ಲಿ ಮೂರನೆಯದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ. ಎಳೆಯನ್ನು ಮಿಲಿಮೀಟರಿನ ಸಾವಿರದಲ್ಲಿ ಎರಡು-ಮೂರು ಪಾಲಿನಷ್ಟು ತೆಳುವಾಗಿ ಸೀಳಿ, ನಾಲ್ಕಾರು ಬಗೆಯ ಬಣ್ಣ ಕಟ್ಟಿ, ಪೆಥಾಲಜಿಸ್ಟ್ ಎಣಿಸಲು ಕೂರುತ್ತಾರೆ. ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಗ್ಲೊಮೆರುಲಸ್, ಅಂದರೆ ರಕ್ತ ಸೋಸುವ ಗುಚ್ಛಗಳಿವೆ. ಎಳೆಯಲ್ಲಿ ಸಿಗುವುದು ಹತ್ತೋ ಇಪ್ಪತ್ತೋ. ಅಷ್ಟರ ಮೇಲೆ ಇಡೀ ಅಂಗದ ಮುಂದಿನ ದಾರಿ ಹೇಳಬೇಕು. ಒಳ್ಳೆಯ ಪೆಥಾಲಜಿಸ್ಟ್ ಆ ಸಂಖ್ಯೆಯನ್ನು ವರದಿಯಲ್ಲಿ ಮೊದಲೇ ಬರೆಯುವುದು ಅದಕ್ಕೇ.

ವರದಿ ಕೈಗೆ ಬಂದಾಗ ಎಲ್ಲರ ಕಣ್ಣು ರೋಗದ ಹೆಸರಿನ ಮೇಲೆ. ನನ್ನನ್ನು ಕೇಳಿದರೆ, ಕೆಳಗೆಲ್ಲೋ ಇರುವ "ಇಂಟರ್‌ಸ್ಟಿಷಿಯಲ್ ಫೈಬ್ರೋಸಿಸ್, ಟ್ಯೂಬ್ಯುಲಾರ್ ಅಟ್ರೋಫಿ" ಎಂಬ ಸಾಲನ್ನು ಹುಡುಕಬೇಕು. ನಾಳಗಳು ಸೊರಗಿ ನಡುವೆ ಕಲೆಗಟ್ಟಿದ ಭಾಗ ಶೇಕಡಾ ಎಷ್ಟು ಎಂಬುದು ಅಲ್ಲಿದೆ. ರೋಗ ಹೊತ್ತಿಕೊಳ್ಳುವುದು ಗುಚ್ಛಗಳಲ್ಲೇ ಆದಾಗಲೂ, ಕಿಡ್ನಿ ಎಷ್ಟು ಕಾಲ ಬಾಳುತ್ತದೆಂದು ಈ ಕಲೆಯೇ ಚೆನ್ನಾಗಿ ಹೇಳುತ್ತದೆ ಎಂಬುದನ್ನು 1960ರ ದಶಕದಲ್ಲೇ ಕಂಡುಕೊಂಡಿದ್ದರು. ಉರಿಯೂತಕ್ಕೆ ಸ್ಟೀರಾಯ್ಡ್ ನಾಟೀತು. ಕಲೆಗೆ ಮದ್ದಿಲ್ಲ.

1968ರಲ್ಲಿ ಪ್ಯಾರಿಸ್‌ನ ಬರ್ಜೆ ಮತ್ತು ಆಂಗ್ಲೆ ಗುರುತಿಸಿದ ಐಜಿಎ ನೆಫ್ರೋಪತಿ ಎಂಬ, ಗುಚ್ಛಗಳ ರೋಗದಲ್ಲಿ ಈ ಕಲೆಯ ಲೆಕ್ಕ ಇನ್ನೂ ಬಿಗಿಯಾಗಿದೆ. 2009ರ ಆಕ್ಸ್‌ಫರ್ಡ್ ವರ್ಗೀಕರಣದಲ್ಲಿ ಕಲೆ ಕಾಲು ಭಾಗದೊಳಗಿದ್ದರೆ ಟಿ-0, ಅರ್ಧದವರೆಗೆ ಟಿ-1, ಅದನ್ನೂ ಮೀರಿದರೆ ಟಿ-2. ಇಂಥ ಅಂಕಗಳ ಜೊತೆ ರಕ್ತದೊತ್ತಡ, ಮೂತ್ರದಲ್ಲಿ ಹೋಗುವ ಪ್ರೋಟೀನ್, ಕಿಡ್ನಿಯ ಕಾರ್ಯಕ್ಷಮತೆ, ವಯಸ್ಸು ಸೇರಿಸಿ ಐದು ವರ್ಷದ ಅಪಾಯ ಹೇಳುವ ಗಣಕಸೂತ್ರ 2019ರಲ್ಲಿ ಬಂತು. ಆದರೆ ಅದನ್ನು ಕಟ್ಟಿದ್ದು ಬಹುಪಾಲು ಯುರೋಪ್, ಚೀನಾ, ಜಪಾನಿನ ರೋಗಿಗಳ ಮೇಲೆ. ನಮ್ಮವರಲ್ಲಿ ಈ ರೋಗ ಹೆಚ್ಚು ಬೇಗ ಮುಂದುವರಿಯುತ್ತದೆಂದು ವೆಲ್ಲೂರಿನ ಸಿಎಂಸಿಯ ಅಧ್ಯಯನಗಳು ತೋರಿಸಿವೆ. ಹಾಗಾಗಿ ಆ ಸೂತ್ರ ಕೊಡುವ ಶೇಕಡಾವಾರನ್ನು ಇಲ್ಲಿ ಅಕ್ಷರಶಃ ನಂಬುವಂತಿಲ್ಲ. ಟಿ-1 ಎಂದು ಬರೆದ ವರದಿ ಹಿಡಿದು ಬಂದವರನ್ನು ಆರು ತಿಂಗಳಿಗಲ್ಲ, ಬೇಗಬೇಗನೆ ಕರೆಸಿ ಮೂತ್ರದ ಪ್ರೋಟೀನ್ ನೋಡುವುದೇ ಒಳಿತು.