ಬೀಗದ ಗುರುತು

ಯಂತ್ರವಿದ್ಯೆಯ ವಿಷಯಕ್ಕೆ ಕನ್ನಡದ ಅಧ್ಯಾಪಕನೊಬ್ಬ ತಲೆ ಹಾಕುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರೀತು. ಆದರೆ ನನ್ನನ್ನು ಇದಕ್ಕೆ ನೂಕಿದ ಪ್ರಸಂಗವೊಂದುಂಟು.

ವಿದ್ಯಾರ್ಥಿವೇತನದ ಅರ್ಜಿಗೆ ಅಂದು ಕಡೆಯ ದಿನ. ನಾಗಮಂಗಲದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ನೆರವಾಗಲೆಂದು ಶ್ರೀರಂಗಪಟ್ಟಣದ ಸೈಬರ್ ಅಂಗಡಿಯೊಂದಕ್ಕೆ ಹೋಗಿದ್ದೆ. ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ ಎಲ್ಲವನ್ನೂ ತುಂಬಬೇಕು. ಅಷ್ಟರಲ್ಲಿ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆಯೊಂದು ಮೂಡಿತು: ಈ ಸಂಪರ್ಕ ಸುರಕ್ಷಿತವಲ್ಲ. ಅಂಗಡಿಯ ಹುಡುಗ, “ಅದು ಯಾವಾಗ್ಲೂ ಹಂಗೇ ಬರೋದು ಸಾರ್. ಕೆಳಗಡೆ ಒತ್ಬುಟ್ರೆ ಮುಂದಕ್ಕೋಯ್ತದೆ” ಎಂದು ಒತ್ತಿಯೇಬಿಟ್ಟ. ಹುಡುಗಿ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ.

ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಇದನ್ನು ಹೇಳಿದಾಗ ದೊಡ್ಡ ವಾದವೇ ಎದ್ದಿತು. ಕೃಷ್ಣರಾಜಪೇಟೆಯಿಂದ ಬರುವ ಇತಿಹಾಸದ ಹಿರಿಯರು, “ಪರದೇಶದವರು ಮಾಡಿಟ್ಟ ಬಾಗಿಲಲ್ಲಿ ನುಗ್ಗಿ ನಮ್ಮ ಸರ್ಕಾರದ ಕಚೇರಿಗೆ ನಾವು ಹೋಗಬೇಕೇನಪ್ಪ? ನಮ್ಮದೇ ಬ್ರೌಸರ್ ಇರಬೇಕು” ಎಂದರು. ಪಾಂಡವಪುರದ ಗಣಕವಿಜ್ಞಾನದ ಮಿತ್ರರು, “ಬಾಗಿಲು ಯಾರದು ಅನ್ನೋದಕ್ಕಿಂತ ಕಾವಲು ಹೇಗಿದೆ ಅನ್ನೋದು ಮುಖ್ಯ, ಸಾರ್” ಎಂದರು.

ಹಿರಿಯರ ಆಸೆ ಹೊಸದಲ್ಲ. 2010ರಲ್ಲಿಯೇ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಎಂಬ ಸಂಸ್ಥೆ ‘ಎಪಿಕ್’ ಎಂಬ ಬ್ರೌಸರನ್ನು ಹೊರತಂದಿತು. ಅದರಲ್ಲಿ ಭಾರತೀಯ ಭಾಷೆಗಳ ಬರವಣಿಗೆಗೆ ಅನುಕೂಲವಿತ್ತು. ಪಕ್ಕದಲ್ಲೊಂದು ಸಾಧನಗಳ ಸಾಲು, ನಮ್ಮ ನಾಡಿನ ಚಿತ್ರಗಳ ಅಲಂಕಾರ ಇದ್ದವು. ತಳಹದಿ ಮಾತ್ರ ಮೊಜಿಲ್ಲಾದವರದು. 2013ರಲ್ಲಿ ಅದು ಗೂಗಲಿನವರು ಬೆಳೆಸಿದ ಕ್ರೋಮಿಯಮ್ ತಳಹದಿಗೆ ಬದಲಾಯಿತು. ಗೋಪ್ಯತೆಯ ರಕ್ಷಣೆಯೇ ಅದರ ಮುಖ್ಯ ವ್ರತವಾಯಿತು. ಅಲಂಕಾರವೋ ಕಾವಲೋ ಎಂಬ ಪ್ರಶ್ನೆ ಹೀಗೆ ಒಂದೇ ಕೃತಿಯ ಬಾಳಿನಲ್ಲಿ ಎದುರಾದದ್ದು ಗಮನಾರ್ಹ.

ತರುವಾಯ 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಸ್ವದೇಶಿ ಬ್ರೌಸರಿಗಾಗಿ ಸ್ಪರ್ಧೆಯೊಂದನ್ನು ಸಾರಿತು. ಬೆಂಗಳೂರಿನ ಸಿ-ಡ್ಯಾಕ್ ಅದರ ನಿರ್ವಹಣೆಯಲ್ಲಿ ಪಾಲುಗೊಂಡಿತು. 2025ರ ಮಾರ್ಚಿನಲ್ಲಿ ಒಂದು ಕೋಟಿ ರೂಪಾಯಿಯ ಮೊದಲ ಬಹುಮಾನ ಜೋಹೋ ಸಂಸ್ಥೆಗೆ ದೊರೆಯಿತು. ಭಾರತೀಯ ಭಾಷೆಗಳು ಇರಬೇಕೆಂಬುದರ ಜೊತೆಗೆ ಆ ಸ್ಪರ್ಧೆಯಲ್ಲಿ ಇನ್ನೊಂದು ಮುಖ್ಯ ಅಪೇಕ್ಷೆಯಿತ್ತು: ಬ್ರೌಸರು ನಂಬುವ ಮೂಲ ಪ್ರಮಾಣಪತ್ರಗಳ ಪಟ್ಟಿಯಲ್ಲಿ ನಮ್ಮ ಸರ್ಕಾರದ ಪ್ರಮಾಣಪತ್ರವೂ ಸೇರಬೇಕು.

ಈ ಪಟ್ಟಿಯೆಂದರೇನು? ಆದಾಯ ಪ್ರಮಾಣಪತ್ರ ತಂದ ವಿದ್ಯಾರ್ಥಿಯ ಮನೆಗೆ ಹೋಗಿ ನಾವು ವಿಚಾರಿಸುವುದಿಲ್ಲ; ತಹಸೀಲ್ದಾರರ ಸಹಿಯಿದೆಯೇ, ಅವಧಿ ಮೀರಿದೆಯೇ ಎಂದಷ್ಟೇ ನೋಡುತ್ತೇವೆ. ಬ್ರೌಸರು ಮಾಡುವುದೂ ಅದನ್ನೇ. ಜಾಲತಾಣ ತೋರಿಸುವ ಪ್ರಮಾಣಪತ್ರದ ಮೇಲೆ ತನ್ನ ಪಟ್ಟಿಯಲ್ಲಿರುವ ಅಧಿಕಾರಿಗಳ ಮುದ್ರೆಯಿದ್ದರೆ ಒಳಗೆ ಬಿಡುತ್ತದೆ. ಅಧಿಕಾರಿಯ ಕೈ ತಪ್ಪಿದರೆ ಮೋಸಗಾರನ ಕೈಗೂ ಮುದ್ರೆ ಸಿಕ್ಕೀತು.

ಅಂಥದು ನಡೆದೂ ಇದೆ. 2014ರ ಜುಲೈನಲ್ಲಿ, ನಮ್ಮ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಮುದ್ರೆ ಹೊತ್ತು, ಗೂಗಲಿನ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದು ಬೆಳಕಿಗೆ ಬಂತು. ವಿಂಡೋಸ್‌ನ ಪಟ್ಟಿ ಭಾರತದ ಮೂಲ ಪ್ರಮಾಣಪತ್ರವನ್ನು ನಂಬಿತ್ತಾದ್ದರಿಂದ ಅದನ್ನು ಆಶ್ರಯಿಸಿದ ಬ್ರೌಸರುಗಳು ಅಪಾಯಕ್ಕೆ ಒಡ್ಡಿಕೊಂಡವು. ತನ್ನದೇ ಬೇರೆ ಪಟ್ಟಿಯಿದ್ದ ಫೈರ್‌ಫಾಕ್ಸ್ ಪಾರಾಯಿತು. ಕೇಂದ್ರದ ಆ ಅಧಿಕಾರವನ್ನು ಒಡನೆಯೇ ರದ್ದುಪಡಿಸಲಾಯಿತು. ಇದನ್ನು ಕೇಳಿ ಹಿರಿಯರು ಕ್ಷಣಕಾಲ ಮೌನವಾದರು. “ಹಾಗಂತ ಪರರನ್ನೇ ಸದಾ ನಂಬಿರಬೇಕೆ?” ಎಂದರು ಕಡೆಗೆ. ಅದೂ ನ್ಯಾಯವಾದ ಪ್ರಶ್ನೆಯೇ.

ಆ ಸಂಜೆ ಮಿತ್ರರು ನನ್ನೊಡನೆ ಅಂಗಡಿಗೆ ಬಂದರು. ಗಣಕದ ಮೂಲೆಯಲ್ಲಿದ್ದ ತಾರೀಖನ್ನು ನೋಡಿ ನಕ್ಕರು. ಯಂತ್ರದೊಳಗಿನ ಪುಟ್ಟ ಬ್ಯಾಟರಿ ಸತ್ತು, ಅದರ ಕಾಲ ಎಷ್ಟೋ ವರ್ಷ ಹಿಂದೆ ನಿಂತಿತ್ತು. ಇಂದಿನ ಪ್ರಮಾಣಪತ್ರಗಳೆಲ್ಲ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ! ಎಚ್ಚರಿಕೆ ‘ಯಾವಾಗಲೂ ಹಂಗೇ’ ಬರುತ್ತಿದ್ದುದು ಇದರಿಂದ. ಗಡಿಯಾರವನ್ನು ನೋಡಿಕೊಳ್ಳಿರೆಂದು ಆ ಪುಟದ ಸಣ್ಣ ಅಕ್ಷರಗಳಲ್ಲಿ ಬರೆದೂ ಇತ್ತು. ಹುಡುಗ ಓದಿರಲಿಲ್ಲ, ಎಂ.ಎ. ಮಾಡಿದ ನಾನೂ ಓದಿರಲಿಲ್ಲ. ಅರ್ಜಿಯೇನೋ ಸರಿಯಾದ ಕಡೆಗೇ ಸೇರಿತ್ತು. ಅದು ನಮ್ಮ ಅದೃಷ್ಟವೇ ಹೊರತು ವಿವೇಕವಲ್ಲ. ನಾಳೆ ನಿಜವಾದ ಕಳ್ಳತಾಣ ಬಂದಿದ್ದರೂ ನಾವು ಒತ್ತುತ್ತಿದ್ದದ್ದು ಅದೇ ಗುಂಡಿಯನ್ನು.

ಕ್ರೋಮ್ ಬ್ರೌಸರು ವಿಳಾಸದ ಪಕ್ಕದಲ್ಲಿದ್ದ ಬೀಗದ ಚಿತ್ರವನ್ನು 2023ರಲ್ಲಿ ತೆಗೆದುಹಾಕಿತು. ದಾರಿಯಲ್ಲಿ ಯಾರೂ ಕದ್ದು ನೋಡಲಾರರೆಂಬುದಷ್ಟೇ ಅದರ ಅರ್ಥವಾಗಿತ್ತು. ತಾಣವೇ ಸಾಚಾ ಎಂದು ಜನ ತಿಳಿದಿದ್ದರು. ಗೂಗಲ್ 2021ರಲ್ಲಿ ನಡೆಸಿದ ಅಧ್ಯಯನದಲ್ಲಿ ಅದರ ಅರ್ಥವನ್ನು ಸರಿಯಾಗಿ ಹೇಳಿದವರು ನೂರಕ್ಕೆ 11 ಮಂದಿ ಮಾತ್ರ. ಓದಲಾಗದ ಗುರುತು ಕಾವಲಾಗದು.

ಆದ್ದರಿಂದ ರೂಪ ಬೇರೆ, ರಕ್ಷಣೆ ಬೇರೆ ಎಂಬ ವಾದವನ್ನು ನಾನು ಒಪ್ಪಲಾರೆ. ಎಚ್ಚರಿಕೆಯ ಮಾತು ತಿಳಿಗನ್ನಡದಲ್ಲಿರುವುದು ಅಲಂಕಾರವಲ್ಲ, ಅದೇ ಕಾವಲು. ಹೆಸರಾಂತ ಬ್ರೌಸರುಗಳಲ್ಲಿ ಕನ್ನಡದ ಆಯ್ಕೆ ಈಗಲೂ ಉಂಟು. ಅದನ್ನು ಹಾಕಿಕೊಳ್ಳದವರು ನಾವು. ನಾಳೆ ನಮ್ಮದೇ ಬ್ರೌಸರು ಬಂದರೂ, ಅದು ಯಾರ ಮುದ್ರೆಯನ್ನು ನಂಬುತ್ತದೆ, ಮುದ್ರೆ ತಪ್ಪಿದಾಗ ಯಾರು ಹೇಳುತ್ತಾರೆ ಎಂದು ಕೇಳುವ ಹಕ್ಕು ನಮಗಿರಬೇಕು.

ಅಂಗಡಿಯಿಂದ ಹಿಂತಿರುಗುವಾಗ ಕೋಟೆಯ ಬಳಿ ಇತಿಹಾಸದ ಹಿರಿಯರು ಸಿಕ್ಕರು. 1799ರ ಮೇ 4ರಂದು ಶತ್ರುಗಳು ಒಳನುಗ್ಗಿದ್ದು ಬಾಗಿಲು ಮುರಿದಲ್ಲ, ಗೋಡೆಯಲ್ಲಿ ಫಿರಂಗಿಯಿಂದಾದ ಬಿರುಕಿನಲ್ಲಿ ಎಂದು ಅವರೇ ನೆನೆದರು. “ಬಾಗಿಲು ನಮ್ಮದೇ ಆಗಿತ್ತಲ್ಲಪ್ಪ” ಎಂದು ನಿಧಾನವಾಗಿ ನಡೆದರು.