ಕಾಣೆಯಾದ ಕುರಿಯ ಲೆಕ್ಕ



ಕ್ರಿಸ್ತರಾಜರ ಹಬ್ಬದ ಹಿಂದಿನ ಭಾನುವಾರವನ್ನು ಧರ್ಮಸಭೆಯು 2017ರಿಂದ ಬಡವರ ವಿಶ್ವ ದಿನವಾಗಿ ಆಚರಿಸುತ್ತಿದೆ. ಅಂದು ಬಡವರಿಗಾಗಿ ಪ್ರಾರ್ಥಿಸುತ್ತೇವೆ, ಕಾಣಿಕೆ ಸಂಗ್ರಹಿಸುತ್ತೇವೆ. ಆದರೆ ಬಡವರು ಯಾರು, ಎಲ್ಲಿದ್ದಾರೆ ಎಂದು ತಿಳಿಯುವುದು ಹೇಗೆ?

ಹಿಂದೆ ಬಡತನವನ್ನು ಖರ್ಚಿನಿಂದಲೇ ಅಳೆಯುತ್ತಿದ್ದರು. ತೆಂಡೂಲ್ಕರ್ ಸಮಿತಿಯ ವಿಧಾನದಂತೆ 2011-12ರಲ್ಲಿ ದೇಶದ ಹಳ್ಳಿಗಳಿಗೆ ಬಡತನದ ರೇಖೆ ತಿಂಗಳಿಗೆ ತಲಾ 816 ರೂಪಾಯಿ. ನಗರಗಳಿಗೆ 1,000 ರೂಪಾಯಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಖರ್ಚು ಮಾಡಿದವರು ಲೆಕ್ಕದಲ್ಲಿ ಬಡವರಲ್ಲ! ಈಗ ನೀತಿ ಆಯೋಗವು ಆರೋಗ್ಯ, ಶಿಕ್ಷಣ, ಜೀವನಮಟ್ಟಗಳಿಗೆ ಸೇರಿದ 12 ಅಂಶಗಳನ್ನು ನೋಡುತ್ತದೆ. ಮನೆಯವರಿಗೆ ಪೌಷ್ಟಿಕ ಆಹಾರ ಸಿಗುತ್ತಿದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಶೌಚಾಲಯವಿದೆಯೇ, ಕುಡಿಯಲು ಶುದ್ಧ ನೀರಿದೆಯೇ ಎಂದು ಕೇಳುತ್ತದೆ. ಈ ಅಳತೆಯಂತೆ ದೇಶದ ಬಡವರ ಪ್ರಮಾಣ 2015-16ರಲ್ಲಿ ಶೇ. 24.85 ಇದ್ದದ್ದು 2019-21ರ ಹೊತ್ತಿಗೆ ಶೇ. 14.96ಕ್ಕೆ ಇಳಿಯಿತು.

ಇದು ಸಂತೋಷದ ವಿಷಯವೇ. ಆದರೆ ಆ ಅವಧಿಯಲ್ಲೇ ಕೇರಳದಲ್ಲಿ ಶೇ. 0.55, ಬಿಹಾರದಲ್ಲಿ ಶೇ. 33.76 ಮಂದಿ ಬಡವರಿದ್ದರು. ಅಣ್ಣನಿಗೆ ಒಂಬತ್ತು ಸಾವಿರ, ತಮ್ಮನಿಗೆ ಒಂದು ಸಾವಿರ ವರಮಾನವಿದ್ದರೆ ಸರಾಸರಿ ಐದು ಸಾವಿರ. ಆ ಲೆಕ್ಕದಿಂದ ತಮ್ಮನ ಒಲೆ ಉರಿಯುವುದಿಲ್ಲ.

ನಮ್ಮ ರಾಜ್ಯದಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಇದನ್ನು ಅರಿತೇ ಜಿಲ್ಲೆಗಳಿಗೆ ನಿಲ್ಲದೆ ತಾಲ್ಲೂಕುಗಳನ್ನು ಅಳೆಯಿತು. 2002ರ ಅದರ ವರದಿಯಂತೆ, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಗುಲ್ಬರ್ಗಾ ವಿಭಾಗವೊಂದರಲ್ಲೇ ಇದ್ದವು. ಹಿಂದುಳಿದ ತಾಲ್ಲೂಕುಗಳು ಮೈಸೂರು, ಬೆಂಗಳೂರು ವಿಭಾಗಗಳಲ್ಲೂ ಇದ್ದವು. ಜಿಲ್ಲೆಯ ಸರಾಸರಿ ಮರೆಮಾಡಿದ್ದನ್ನು ತಾಲ್ಲೂಕಿನ ಲೆಕ್ಕ ತೋರಿಸಿತು. ಮುಂದೆ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ದೊರೆಯಿತು.

ಪ್ರಿಯರೇ, ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ಕುರುಬನಿಗೆ ನೂರು ಕುರಿಗಳಿದ್ದವು. ತೊಂಬತ್ತೊಂಬತ್ತು ಕ್ಷೇಮವಾಗಿದ್ದವು. ನಮ್ಮ ಸರಾಸರಿಯ ಲೆಕ್ಕದಲ್ಲಿ ಅದು ಒಳ್ಳೆಯ ಫಲಿತಾಂಶವೇ! ಆದರೆ ಕುರುಬ ಎಣಿಸಿದ್ದು ಹೆಮ್ಮೆಪಡಲಿಕ್ಕಲ್ಲ, ಯಾವುದು ಕಾಣೆಯಾಗಿದೆ ಎಂದು ತಿಳಿಯಲಿಕ್ಕೆ. ತಿಳಿದ ಮೇಲೆ ಅವನು ಸುಮ್ಮನೆ ಕೂರಲಿಲ್ಲ, ಹುಡುಕಿಕೊಂಡು ಹೊರಟ.

ನಮ್ಮ ಧರ್ಮಕೇಂದ್ರದಲ್ಲೂ ಹಾಗೆಯೇ ಎಣಿಸೋಣ. ಯಾವ ಮನೆಯ ಮಗು ಶಾಲೆ ಬಿಟ್ಟಿದೆ? ಯಾವ ಅಜ್ಜಿಗೆ ಪಿಂಚಣಿ ನಿಂತಿದೆ? ಗುಳೆ ಬಂದು ನಮ್ಮೂರಿನಲ್ಲಿ ಮನೆ ಕಟ್ಟುತ್ತಿರುವ ಕುಟುಂಬದ ಮಕ್ಕಳು ಹಗಲೆಲ್ಲ ಎಲ್ಲಿರುತ್ತಾರೆ? ಕಾಣಿಕೆ ಡಬ್ಬಿಯ ಮೊತ್ತಕ್ಕಿಂತ ಮೊದಲು ಈ ಹೆಸರುಗಳು ನಮಗೆ ಗೊತ್ತಿರಲಿ. ಆಗ ಕ್ರಿಸ್ತರಾಜರ ಹಬ್ಬಕ್ಕೆ ನಾವು ನಿಜವಾಗಿ ಸಿದ್ಧರಾಗುತ್ತೇವೆ.