ಡಬಲ್ ಸ್ಟ್ಯಾಂಡ್ ಹಾಕುವಾಗ ಉಸಿರು ಬಿಗಿ ಹಿಡಿಯಬೇಡಿ

ಬೈಪಾಸ್ ಅಥವಾ ಸ್ಟೆಂಟ್ ಆದವರು ಆಸ್ಪತ್ರೆಯಿಂದ ಹೊರಡುವಾಗ ತಪ್ಪದೆ ಕೇಳುವ ಪ್ರಶ್ನೆ, "ಡಾಕ್ಟ್ರೇ, ಗಾಡಿ ಯಾವಾಗಿಂದ ಓಡಿಸಬಹುದು?" "ಡಬಲ್ ಸ್ಟ್ಯಾಂಡ್ ಯಾವಾಗಿಂದ ಹಾಕಬಹುದು?" ಅಂತ ಯಾರೂ ಕೇಳುವುದಿಲ್ಲ. ಅದನ್ನೂ ಕೇಳಬೇಕು.

ಪುಣೆಯಾಗಲಿ ಹೈದರಾಬಾದಾಗಲಿ, ಭಾನುವಾರ ಬೆಳಗ್ಗೆ ಪಾರ್ಕಿಂಗ್‌ನಲ್ಲಿ ನೋಡಿ. ಚೈನಿಗೆ ಎಣ್ಣೆ ಬಿಡಲು, ಟೈರ್ ತಿರುಗಿಸಿ ನೋಡಲು ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಬೇಕು. "ನೀನು ಮಲಗಿರು, ನಾನೇ ನೋಡ್ತೀನಿ" ಅಂತ ಊರಿಂದ ಬಂದ ಅಪ್ಪ ಕೆಳಗಿಳಿದಿರುತ್ತಾರೆ. ಸ್ಪ್ಲೆಂಡರ್ ಸುಮಾರು 112 ಕೆಜಿ, ಕ್ಲಾಸಿಕ್ 350 ಸುಮಾರು 195 ಕೆಜಿ.

*ಒಳಗೆ ಏನಾಗುತ್ತದೆ?*
ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ತಿಣುಕಿದಾಗ ಎದೆಯೊಳಗಿನ ಒತ್ತಡ ಏರುತ್ತದೆ, ಬಿಪಿ ಒಮ್ಮೆಲೇ ಜಿಗಿಯುತ್ತದೆ. ಮರುಕ್ಷಣ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಆಗ ಕೆಲವರಿಗೆ ಕಣ್ಣು ಕತ್ತಲೆ ಬರುತ್ತದೆ, ಹಿಡಿದ ಗಾಡಿ ಮೈಮೇಲೆ ಬೀಳಬಹುದು. ಹೃದಯದ ರಕ್ತನಾಳ ಕಿರಿದಾಗಿದ್ದವರಿಗೆ ಇಂಥ ಹಠಾತ್ ಶ್ರಮದಲ್ಲಿ ಎದೆನೋವೂ ಬರಬಹುದು.

*ಸರಿಯಾದ ಕ್ರಮ*
1. ಸಮತಟ್ಟಾದ, ಗಟ್ಟಿ, ಒಣ ನೆಲ ಇರಲಿ. ಹವಾಯಿ ಚಪ್ಪಲಿ ಬೇಡ, ಶೂ ಹಾಕಿ.
2. ಎಂಜಿನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಸೈಲೆನ್ಸರ್ ತಣ್ಣಗಾಗಲಿ. ಬ್ಯಾಗ್, ಹೆಲ್ಮೆಟ್ ತೆಗೆದಿಡಿ.
3. ಗಾಡಿಯ ಎಡಕ್ಕೆ ನಿಂತು ಹ್ಯಾಂಡಲ್ ನೇರ ಮಾಡಿ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಸೀಟಿನ ಪಕ್ಕದ ಹಿಡಿಕೆಯ ಮೇಲೆ.
4. ಬಲಗಾಲಿನಿಂದ ಸ್ಟ್ಯಾಂಡ್ ಒತ್ತಿ. ಅದರ ಎರಡೂ ಕಾಲು ನೆಲಕ್ಕೆ ತಾಗುವವರೆಗೆ ಗಾಡಿಯನ್ನು ನೇರ ಮಾಡಿ.
5. ಈಗ ಬೆನ್ನು ಬಗ್ಗಿಸದೆ, ಇಡೀ ಮೈಭಾರವನ್ನು ಬಲಗಾಲಿನ ಮೇಲೆ ಹಾಕಿ. ಬಾಯಿಂದ "ಹೂ..." ಎಂದು ಉಸಿರು ಬಿಡುತ್ತಾ ಒತ್ತಿ. ಗಾಡಿ ತಾನಾಗಿ ಹಿಂದಕ್ಕೆ ಸರಿದು ಮೇಲೇರುತ್ತದೆ.

ನೆನಪಿಡಿ: *ಎತ್ತುವುದು ಕಾಲು, ಕೈ ಕೇವಲ ಆಸರೆ.* ಆದರೂ ಕಷ್ಟವೆನಿಸಿದರೆ ಹಿಂದಿನ ಚಕ್ರವನ್ನು ತೆಳುವಾದ ಹಲಗೆಯ ಮೇಲೆ ಹತ್ತಿಸಿಕೊಳ್ಳಿ, ಎತ್ತಬೇಕಾದ ಎತ್ತರ ಕಡಿಮೆಯಾಗುತ್ತದೆ. ಡಬಲ್ ಸ್ಟ್ಯಾಂಡೇ ಇಲ್ಲದ ಗಾಡಿಯನ್ನು ಇಟ್ಟಿಗೆ, ಕಲ್ಲು ಕೊಟ್ಟು ಎತ್ತಬೇಡಿ. ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಚೈನಿಗೆ ಎಣ್ಣೆ ಬಿಡುವಾಗ ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಚಾಲೂ ಇದ್ದರೆ ಬೆರಳೇ ಹೋಗಬಹುದು.

*ಯಾರು ಮುಟ್ಟಲೇಬಾರದು?*
▪️ ಬೈಪಾಸ್ ಆದವರು: ಕೊಯ್ದ ಎದೆಮೂಳೆ ಕೂಡಲು ಸಾಮಾನ್ಯವಾಗಿ 8ರಿಂದ 12 ವಾರ ಬೇಕು. ಅಲ್ಲಿಯವರೆಗೆ ಎತ್ತುವುದು, ತಳ್ಳುವುದು, ಎಳೆಯುವುದು ಯಾವುದೂ ಬೇಡ.
▪️ ಸ್ಟೆಂಟ್ ಆದವರು: ಕನಿಷ್ಠ ಒಂದು ವಾರ ಬೇಡ. ಹೃದಯಾಘಾತ ಆಗಿದ್ದರೆ ನಿಮ್ಮ ವೈದ್ಯರು ಹೇಳುವವರೆಗೂ ಬೇಡ.
▪️ ಹೊಸದಾಗಿ ಪೇಸ್‌ಮೇಕರ್ ಹಾಕಿಸಿಕೊಂಡವರು: 4ರಿಂದ 6 ವಾರ ಬೇಡ.
▪️ ಬಿಪಿ ಹತೋಟಿಯಲ್ಲಿಲ್ಲದವರು, ಹರ್ನಿಯಾ ಇರುವವರು.

ಇಂಥವರು ವಾಚ್‌ಮನ್‌ನನ್ನೋ ಪಕ್ಕದ ಮನೆಯ ಹುಡುಗನನ್ನೋ ಕರೆಯಿರಿ. ಭಾಷೆ ಬಾರದಿದ್ದರೂ ಗಾಡಿ ತೋರಿಸಿದರೆ ಯಾರಿಗಾದರೂ ಅರ್ಥವಾಗುತ್ತದೆ. ಇದರಲ್ಲಿ ಸಂಕೋಚ ಬೇಡ.

*"ಎಲ್ಲೋ ಉಳುಕಿರಬೇಕು" ಅನ್ನುವ ಮುನ್ನ*
ಗಾಡಿ ಎತ್ತಿದ ಮೇಲೆ ಎದೆ ಹಿಂಡಿದಂತಾದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ ಮುಲಾಮು ಹಚ್ಚಿ ಮಲಗಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಕಾಣಿಸಬಹುದು. ತಕ್ಷಣ 112ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಊರಿನ ಡಾಕ್ಟರಿಗೆ ಫೋನ್ ಮಾಡಿ ಕೇಳೋಣ ಎಂದು ಕಾಯಲೂಬೇಡಿ. ಮೊದಲು ಇಸಿಜಿ, ಆಮೇಲೆ ಫೋನು.

ಮನೆಯಲ್ಲಿ ಗಾಡಿ ಇರುವ ಎಲ್ಲರಿಗೂ, ಮುಖ್ಯವಾಗಿ ಅಪ್ಪಂದಿರಿಗೆ, ಇದನ್ನು ಓದಿ ಹೇಳಿ. 🙏